ಹೊಂದಿಸುವವನ ಎಚ್ಚರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬು ಬೆಳೆಯುವ ಒಬ್ಬ ರೈತನ ಹೆಸರು ಎಷ್ಟು ಕಡೆ ದಾಖಲಾಗಿದೆ ಎಂದು ಎಣಿಸಲು ಕೂತರೆ ಒಂದು ಕೈಯ ಬೆರಳು ಸಾಲುವುದಿಲ್ಲ. ಪಹಣಿಯಲ್ಲಿದೆ, ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆಯ ಜೊತೆಗಿದೆ, ಪಡಿತರ ಚೀಟಿಯಲ್ಲಿದೆ, ಆಧಾರ್‌ನಲ್ಲಿದೆ, ಮತದಾರರ ಪಟ್ಟಿಯಲ್ಲಿದೆ, ಕೃಷಿ ಪತ್ತಿನ ಸಂಘದ (ಪಿಕೆಪಿಎಸ್) ಸಾಲದ ಖಾತೆಯಲ್ಲಿದೆ, ಸಕ್ಕರೆ ಕಾರ್ಖಾನೆಯ ಷೇರುದಾರರ ಪಟ್ಟಿಯಲ್ಲಿದೆ. ಈ ದಾಖಲೆಗಳು ಒಂದಕ್ಕೊಂದು ತಾಳೆಯಾಗಬೇಕು. ಒಂದು ಕಡೆ ಆದ ಬದಲಾವಣೆ ಇನ್ನೊಂದು ಕಡೆಗೂ ತಲುಪಬೇಕು. ಇದನ್ನು ಇವತ್ತು ಗುಮಾಸ್ತರು ಒಂದೊಂದೇ ಸಾಲು ಓದಿ ಮಾಡುವುದಿಲ್ಲ. ಎಲ್ಲೋ ಒಂದು ಸರ್ವರ್‌ನಲ್ಲಿ, ಕಪ್ಪು ಪರದೆಯ ಮೇಲೆ ಟೈಪ್ ಮಾಡಿದ ನಾಲ್ಕಾರು ಸಾಲಿನ ಆದೇಶ, ಅಂದರೆ ಕಮಾಂಡ್ ಲೈನ್ ಸ್ಕ್ರಿಪ್ಟ್, ಗೊತ್ತುಪಡಿಸಿದ ಹೊತ್ತಿಗೆ ಓಡಿ ಮಾಡುತ್ತದೆ. ಆ ಸ್ಕ್ರಿಪ್ಟ್ ಪ್ರತಿ ಸಾಲಿನಲ್ಲೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋಗುತ್ತದೆ: ಇಲ್ಲಿರುವವನೂ ಅಲ್ಲಿರುವವನೂ ಒಬ್ಬನೇನಾ? ಬದಲಾಗುತ್ತಾ ಹೋಗುವ ಒಂದು ವಸ್ತುವನ್ನು ‘ಅದೇ’ ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ ಎಂಬುದು ಭಾರತೀಯ ದರ್ಶನಗಳು ಶತಮಾನಗಟ್ಟಲೆ ಚರ್ಚಿಸಿದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮಾತ್ರಕ್ಕೆ ಉತ್ತರದ ಹೊಣೆ ಯಂತ್ರಕ್ಕೆ ವರ್ಗವಾಗುವುದಿಲ್ಲ. ಗುರುತಿನ ದಾಖಲೆಗಳನ್ನು ಹೊಂದಿಸುವುದು ತಾಂತ್ರಿಕ ಕೆಲಸವಾಗುವ ಮೊದಲೇ ನೈತಿಕ ಕೆಲಸ; ಅದರಲ್ಲಿ ತಪ್ಪುವ ಎಚ್ಚರ ಹಿಂಸೆಗೆ ಸಮ. ಇದು ನನ್ನ ವಾದ. ಇದಕ್ಕೆ ಬೇಕಾದ ವಿಚಾರ ಇದೇ ನೆಲದಲ್ಲಿ ಬೇರೂರಿರುವ ಜೈನ ದರ್ಶನದಲ್ಲಿ ಸಿದ್ಧವಾಗಿ ಇದೆ.

ಮೊದಲು ಸ್ಕ್ರಿಪ್ಟ್ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಬೇಕು. ಎರಡು ಪಟ್ಟಿಗಳ ನಡುವೆ ಹೊಂದಾಣಿಕೆ ಸ್ಥಾಪಿಸುವಾಗ ನಾಲ್ಕು ತೀರ್ಮಾನಗಳನ್ನು ಮೊದಲೇ ಬರೆದಿಡಬೇಕಾಗುತ್ತದೆ. ಎರಡೂ ಕಡೆಯ ಸಾಲುಗಳು ಒಬ್ಬನವೇ ಎಂದು ಕಟ್ಟಿಹಾಕುವ ಗೂಟ ಯಾವುದು? ಗೂಟ ಇಲ್ಲದ ಕಡೆ ಹೆಸರು, ಜನ್ಮದಿನ, ಊರು ಎಷ್ಟರ ಮಟ್ಟಿಗೆ ತಾಳೆಯಾದರೆ ಸಾಕು? ಎರಡು ಕಡೆ ಎರಡು ಮಾತಿದ್ದರೆ ಯಾವುದು ಗೆಲ್ಲಬೇಕು? ಒಂದು ಕಡೆ ಮಾಯವಾದವನನ್ನು ಇನ್ನೊಂದು ಕಡೆಯೂ ಅಳಿಸಬೇಕೆ? ಇಷ್ಟು ಆದಮೇಲೆ ಮೊದಲ ಸಲ ಇಡೀ ಪಟ್ಟಿಯ ಮೇಲೆ ಓಡಿಸುತ್ತಾರೆ. ಆಮೇಲೆ ಹಿಂದಿನ ಸಲದಿಂದ ಈಚೆಗೆ ಬದಲಾದದ್ದನ್ನು ಮಾತ್ರ ಹೊತ್ತೊಯ್ಯುವ ‘ಡೆಲ್ಟಾ’ ಓಟ ನಡೆಯುತ್ತಿರುತ್ತದೆ. ಕಾಲೇಜು, ಕಚೇರಿ, ಕಂಪನಿಗಳಲ್ಲಿ ಬಳಕೆಯಲ್ಲಿರುವ ಮೈಕ್ರೋಸಾಫ್ಟ್‌ನ ಎಂಟ್ರಾ ಕನೆಕ್ಟ್ ಎಂಬ ಸಾಧನ ಇಂಥ ಓಟವನ್ನು ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ನಡೆಸುತ್ತದೆ. ಪವರ್‌ಶೆಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ಬೇಕೆಂದಾಗಲೂ ಓಡಿಸಬಹುದು. ಅದು ಆ ಗೂಟವನ್ನು ‘ಸೋರ್ಸ್ ಆ್ಯಂಕರ್’ ಎಂದು ಕರೆಯುತ್ತದೆ, ಮತ್ತು ಒಮ್ಮೆ ಇಟ್ಟ ಮೇಲೆ ಆ ಖಾತೆ ಇರುವಷ್ಟು ಕಾಲ ಅದನ್ನು ಬದಲಾಯಿಸಬಾರದು ಎಂದು ವಿಧಿಸುತ್ತದೆ. ಹೆಸರನ್ನೋ ಇಮೇಲ್ ವಿಳಾಸವನ್ನೋ ಗೂಟ ಮಾಡಿಕೊಳ್ಳಬೇಡಿ, ಅವು ಬದಲಾಗುತ್ತವೆ ಎಂದು ಎಚ್ಚರಿಸುತ್ತದೆ. ಒಂದೇ ಓಟದಲ್ಲಿ 500ಕ್ಕಿಂತ ಹೆಚ್ಚು ಖಾತೆ ಅಳಿಯುವಂತಿದ್ದರೆ ತಾನಾಗಿಯೇ ನಿಂತು ಮನುಷ್ಯನ ಒಪ್ಪಿಗೆಗೆ ಕಾಯುತ್ತದೆ. ಯಾವುದು ಸ್ಥಿರ, ಯಾವುದು ಚಂಚಲ, ಯಾವಾಗ ಕೈ ತಡೆಯಬೇಕು ಎಂಬ ನಿರ್ಣಯಗಳು ಇವು. ಬರಿಯ ಗಣಿತದಿಂದ ಹುಟ್ಟುವಂಥವಲ್ಲ.

ಈ ಐದು ತಾಲೂಕುಗಳ ಹೆಸರುಗಳ ಮೇಲೆ ಇಂಥ ಸ್ಕ್ರಿಪ್ಟ್ ಓಡಿದರೆ ಏನಾಗುತ್ತದೆ ಎಂದು ನೋಡಿದಾಗ ಪ್ರಶ್ನೆಯ ಆಳ ತಿಳಿಯುತ್ತದೆ. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಕೊಲ್ಲಾಪುರ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು; 1956ರಲ್ಲಿ ಇಡೀ ಪ್ರದೇಶ ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ ಒಂದೇ ಮನೆತನದ ಹೆಸರು ಅಜ್ಜನ ಕಾಗದದಲ್ಲಿ ಮೋಡಿ ಲಿಪಿಯಲ್ಲಿ, ತಂದೆಯ ಶಾಲಾ ದಾಖಲೆಯಲ್ಲಿ ದೇವನಾಗರಿಯ ಬಾಳಬೋಧದಲ್ಲಿ, ಮಗನ ಪಹಣಿಯಲ್ಲಿ ಕನ್ನಡದಲ್ಲಿ, ಮೊಮ್ಮಗಳ ಬ್ಯಾಂಕ್ ಪುಸ್ತಕದಲ್ಲಿ ರೋಮನ್ ಅಕ್ಷರದಲ್ಲಿ ಸಿಗುವುದು ಇಲ್ಲಿ ಅಪರೂಪವಲ್ಲ. ಒಂದು ಪಟ್ಟಿಯಲ್ಲಿ ‘ಪಾಟೀಲ’, ಇನ್ನೊಂದರಲ್ಲಿ ‘ಪಾಟೀಲ್’. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಕಣ್ಣಿಗೆ ಕಾಣದ ಭೇದವೂ ಉಂಟು. ‘ಚಿಕ್ಕೋಡಿ’ ಎಂಬ ಹೆಸರಿನ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘ ಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ಊರಿನ ಹೆಸರು 8 ಸಂಕೇತ, ಎರಡನೆಯದರಲ್ಲಿ 10. ಪರದೆಯ ಮೇಲೆ ಎರಡೂ ಒಂದೇ. ಓದುವವನಿಗೆ ಒಂದಿನಿತೂ ವ್ಯತ್ಯಾಸವಿಲ್ಲ. ಆದರೆ ಎರಡನ್ನೂ ಮೊದಲು ಒಂದು ರೂಪಕ್ಕೆ ತರಬೇಕು ಎಂದು ಯಾರೂ ಹೇಳಿಕೊಡದಿದ್ದರೆ, ಸ್ಕ್ರಿಪ್ಟ್ ಇವು ಎರಡು ಬೇರೆ ಊರುಗಳೆಂದು ತೀರ್ಪು ಕೊಟ್ಟು ಮುಂದೆ ಹೋಗುತ್ತದೆ. ‘ಪಾಟೀಲ’ದ ಈಕಾರದ ಕಥೆಯೂ ಇದೇ. ಮನುಷ್ಯ ಒಂದೆಂದು ಕಂಡದ್ದನ್ನು ಯಂತ್ರ ಎರಡೆಂದು ಕಾಣುತ್ತದೆ. ಸಡಿಲವಾದ ನಿಯಮ ಕೊಟ್ಟರೆ ಒಂದೇ ಊರಿನ ಒಂದೇ ಹೆಸರಿನ ಇಬ್ಬರನ್ನು ಒಬ್ಬನನ್ನಾಗಿಯೂ ಮಾಡಿಬಿಡುತ್ತದೆ.

‘ಅದೇ’ ಎಂಬುದರ ಅರ್ಥವನ್ನು ಹುಡುಕಲು ಈ ಭಾಗದವರು ದೂರ ಹೋಗಬೇಕಿಲ್ಲ. ಬೌದ್ಧರು ಕ್ಷಣಕ್ಷಣದ ಪ್ರವಾಹದ ಹೊರತು ಸ್ಥಿರವಾದದ್ದು ಯಾವುದೂ ಇಲ್ಲ ಎಂದರು. ಅದ್ವೈತಿಗಳು ಸ್ಥಿರವಾದದ್ದೇ ಸತ್ಯ, ಬದಲಾಗುವುದು ತೋರಿಕೆ ಎಂದರು. ಜೈನರು ಎರಡನ್ನೂ ಸತ್ಯವೆಂದು ಹಿಡಿದರು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಪ್ರಕಾರ ಇರುವಿಕೆ ಎಂದರೆ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೆ ಇರುವುದು. ದ್ರವ್ಯ, ಅಂದರೆ ಮೂಲವಸ್ತು, ಉಳಿಯುತ್ತದೆ, ಪರ್ಯಾಯಗಳು, ಅಂದರೆ ಅದರ ಬದಲಾಗುವ ಸ್ಥಿತಿಗಳು, ಬಂದುಹೋಗುತ್ತವೆ, ಎರಡೂ ಒಂದನ್ನೊಂದು ಬಿಟ್ಟಿರುವುದಿಲ್ಲ. ಈ ತತ್ತ್ವವನ್ನು ವಿವರವಾಗಿ ಚರ್ಚಿಸುವ ಕುಂದಕುಂದಾಚಾರ್ಯರ ಪ್ರವಚನಸಾರವನ್ನು 1935ರಲ್ಲಿ ಸಂಪಾದಿಸಿ ವಿದ್ವತ್‌ಲೋಕದ ಮುಂದಿಟ್ಟವರು ಆ.ನೇ. ಉಪಾಧ್ಯೆ, ಅವರು ಹುಟ್ಟಿದ್ದು 1906ರಲ್ಲಿ, ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ. ಅದೇ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರ 1968ರಲ್ಲಿ ಅಜಮೇರದಲ್ಲಿ ಮುನಿದೀಕ್ಷೆ ಪಡೆದು ವಿದ್ಯಾಸಾಗರರಾದರು, 1972ರಲ್ಲಿ ಆಚಾರ್ಯರಾದರು, 2024ರಲ್ಲಿ ಛತ್ತೀಸಗಡದ ಡೊಂಗರಗಡದಲ್ಲಿ ದೇಹ ಬಿಟ್ಟರು. ಕಾಗವಾಡ ತಾಲೂಕಿನ ಶೇಡಬಾಳದ ಸುರೇಂದ್ರ 1963ರಲ್ಲಿ ವಿದ್ಯಾನಂದ ಮುನಿಗಳಾದರು. ನಿಪ್ಪಾಣಿ ಬಳಿಯ ಭೋಜದ ಸಾತಗೌಡ ಪಾಟೀಲರು 1920ರಲ್ಲಿ ಮುನಿದೀಕ್ಷೆ ಪಡೆದು, ಮುಂದೆ ಆಚಾರ್ಯ ಶಾಂತಿಸಾಗರರೆಂದು ದೇಶಕ್ಕೆಲ್ಲ ಪರಿಚಿತರಾದರು. ಇವರ ಹೆಸರು, ಉಡುಪು, ಮನೆ, ನಂಟು ಎಲ್ಲವೂ ಬದಲಾದವು. ಆದರೂ ಭೋಜದ ಜನ ಶಾಂತಿಸಾಗರರನ್ನು ಬೇರೊಬ್ಬರೆಂದು ತಿಳಿಯಲಿಲ್ಲ. ಹಾಗೆಂದು ಅವರನ್ನು ಹಳೆಯ ಹೆಸರಿನಿಂದ ಕರೆಯಲೂ ಇಲ್ಲ. ಹಳೆಯ ಹೆಸರು ಪೂರ್ವಾಶ್ರಮದ ಸಂಗತಿಯಾಗಿ ಉಳಿಯಿತು, ಹೊಸ ಹೆಸರು ಬಳಕೆಗೆ ಬಂತು. ಒಂದು ಗುರುತನ್ನು ನವೀಕರಿಸುವ ಸರಿಯಾದ ರೀತಿ ಇದು: ಉಳಿದದ್ದನ್ನು ಗುರುತಿಸುವುದು, ಬದಲಾದದ್ದನ್ನು ಒಪ್ಪುವುದು, ಹಿಂದಿನದನ್ನು ಅಳಿಸದೆ ಹಿಂದಿನದೆಂದೇ ಬರೆದಿಡುವುದು.

ಗಣಕ ಲೋಕ ತನ್ನದೇ ಪೆಟ್ಟು ತಿಂದು ಇದರ ಹತ್ತಿರಕ್ಕೆ ಬಂದಿದೆ. ಗುರುತಿನ ದಾಖಲೆಗಳ ವಿನಿಮಯಕ್ಕಾಗಿ 2015ರಲ್ಲಿ ಪ್ರಕಟವಾದ ಸ್ಕಿಮ್ ಎಂಬ ಮಾನದಂಡ, ಪ್ರತಿ ದಾಖಲೆಗೂ ಬದಲಾಗದ, ಬೇರೊಬ್ಬರಿಗೆ ಮತ್ತೆ ಕೊಡಬಾರದ ಒಂದು ಸಂಕೇತ ಇರಬೇಕು ಎನ್ನುತ್ತದೆ. ಆಧಾರ್‌ನ 12 ಅಂಕಿಗಳಲ್ಲಿ ಊರು, ಜಾತಿ, ಲಿಂಗ, ವಯಸ್ಸು ಯಾವುದೂ ಅಡಗಿಲ್ಲ; ಯಾದೃಚ್ಛಿಕವಾಗಿ ಆಯ್ದ ಸಂಖ್ಯೆ, ಕೊನೆಯ ಅಂಕಿ ಪರೀಕ್ಷೆಗೆ ಮಾತ್ರ. ಅರ್ಥವಿರುವ ಯಾವ ಸಂಗತಿಯೂ ಗೂಟವಾಗಬಾರದು, ಏಕೆಂದರೆ ಅರ್ಥವಿರುವುದೆಲ್ಲ ಪರ್ಯಾಯ. ಈ ಮಾತಿನ ಬೆಲೆ ನಿಪ್ಪಾಣಿ ಮತ್ತು ಕಾಗವಾಡದವರಿಗೆ ಚೆನ್ನಾಗಿ ತಿಳಿಯುತ್ತದೆ. ನಿಪ್ಪಾಣಿ ಚಿಕ್ಕೋಡಿಯಿಂದ, ಕಾಗವಾಡ ಅಥಣಿಯಿಂದ ಬೇರ್ಪಟ್ಟು ಹೊಸ ತಾಲೂಕುಗಳಾದಾಗ ಸಾವಿರಾರು ಜನ ಮನೆಯ ಹೊಸ್ತಿಲು ದಾಟದೆಯೇ ತಾಲೂಕು ಬದಲಿಸಿದರು. ಸದಸ್ಯರ ಸಂಖ್ಯೆಯೊಳಗೇ ತಾಲೂಕಿನ ಸಂಕೇತವನ್ನು ಹುದುಗಿಸಿಟ್ಟ ಯಾವುದೇ ಪಟ್ಟಿಗೆ ಅವರೆಲ್ಲ ಒಂದೇ ರಾತ್ರಿಯಲ್ಲಿ ಹೊಸಬರಾಗುತ್ತಾರೆ, ಹಳಬರು ಕಾಣೆಯಾಗುತ್ತಾರೆ. 2014ರಲ್ಲಿ ಬೆಳಗಾವಿಯ ಹೆಸರಿನ ಇಂಗ್ಲಿಷ್ ರೂಪ ಬದಲಾದಾಗಲೂ ವಿಳಾಸ ನೋಡಿ ಹೊಂದಿಸುವ ಸ್ಕ್ರಿಪ್ಟಿಗೆ ಇದೇ ಅಪಾಯವಿತ್ತು. ಇಲ್ಲಿ ಒಂದು ಮಾತನ್ನು ಬಿಗಿಯಾಗಿ ಹಿಡಿಯಬೇಕು. 12 ಅಂಕಿಯ ಸಂಖ್ಯೆ ದ್ರವ್ಯವಲ್ಲ. ಮನುಷ್ಯನ ವಿಷಯದಲ್ಲಿ ಜೈನರಿಗೆ ಉಳಿಯುವ ದ್ರವ್ಯ ಎಂದರೆ ಜೀವ. ಅದನ್ನು ಯಾವ ಕೋಷ್ಟಕವೂ ಹಿಡಿಯಲಾರದು. ಸಂಖ್ಯೆ ಜೀವದ ಕಡೆಗೆ ಕೈ ತೋರಿಸುವ ಒಂದು ಗುರುತು ಮಾತ್ರ. ಸಂಖ್ಯೆ ತಾಳೆಯಾಗಲಿಲ್ಲ ಎಂಬ ಕಾರಣಕ್ಕೆ ಎದುರಿಗೆ ನಿಂತ ಮನುಷ್ಯನೇ ಇಲ್ಲ ಎನ್ನುವ ಕಚೇರಿ, ಚಂದ್ರನನ್ನು ತೋರಿಸುವ ಕೈಯನ್ನು ಹಿಡಿದು ಚಂದ್ರನನ್ನೇ ಬಿಟ್ಟಂತೆ.

ಗೂಟ ಸರಿಯಾಗಿದ್ದರೂ ಎರಡನೆಯ ಪ್ರಶ್ನೆ ಉಳಿಯುತ್ತದೆ: ಎರಡು ದಾಖಲೆ ಎರಡು ಮಾತು ಹೇಳಿದರೆ ನಿಜ ಯಾವುದು? ಇಚಲಕರಂಜಿಯಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿ, ಮದುವೆಯಾಗಿ ನಿಪ್ಪಾಣಿಗೆ ಬಂದು ಬೀಡಿ ಕಟ್ಟುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಈ ಸೀಮೆಯಲ್ಲಿ ಮದುವೆಯಲ್ಲಿ ಅಡ್ಡಹೆಸರಷ್ಟೇ ಅಲ್ಲ, ಕರೆಯುವ ಹೆಸರೂ ಬದಲಾಗುವ ರೂಢಿ ಅನೇಕ ಮನೆಗಳಲ್ಲಿದೆ. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯ ಹೆಸರು. ಎರಡರಲ್ಲಿ ಯಾವುದೂ ಸುಳ್ಳಲ್ಲ. ಎರಡೂ ಒಂದೊಂದು ನಿಲುವಿನಿಂದ ನಿಜ. ಅನೇಕಾಂತವಾದದ ತಿರುಳೇ ಇದು. ಒಂದು ವಸ್ತುವಿನ ಬಗ್ಗೆ ಹೇಳುವ ಮಾತು ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವವನ್ನು ಕುರಿತದ್ದು ಎಂಬ ಚೌಕಟ್ಟಿನೊಳಗೆ ನಿಜವಾಗುತ್ತದೆ ಎನ್ನುತ್ತಾರೆ ಜೈನ ತಾರ್ಕಿಕರು. ದಾಖಲೆಯ ಪ್ರತಿ ಕಾಲಮ್ಮಿಗೂ ಇದೇ ನಾಲ್ಕು ಬೇಕು: ಯಾರ ಬಗ್ಗೆ, ಯಾವ ಕಚೇರಿಯಲ್ಲಿ, ಯಾವ ದಿನ, ಯಾವ ಸ್ಥಿತಿಯಲ್ಲಿ ಬರೆದದ್ದು. ಈ ನಾಲ್ಕನ್ನು ಕಳಚಿ ಬರಿಯ ಹೆಸರನ್ನು ಮಾತ್ರ ಹೊತ್ತೊಯ್ಯುವ ಸ್ಕ್ರಿಪ್ಟ್, ಎರಡು ನಿಜಗಳನ್ನು ಒಂದು ಜಗಳವನ್ನಾಗಿ ಮಾಡುತ್ತದೆ, ಆಮೇಲೆ ಕೊನೆಗೆ ಬಂದದ್ದೇ ಗೆದ್ದಿತು ಎಂಬ ಸುಲಭದ ನಿಯಮದಿಂದ ಜಗಳ ಮುಗಿಸುತ್ತದೆ. ಈ ನಿಯಮ ಎಲ್ಲೆಡೆಯೂ ತಪ್ಪಲ್ಲ. ಸರ್ಕಾರದ ನೇರ ವರ್ಗಾವಣೆಯ ಹಣ, ಆಧಾರ್ ಸಂಖ್ಯೆಗೆ ಬ್ಯಾಂಕನ್ನು ಹೊಂದಿಸುವ ಎನ್‌ಪಿಸಿಐ ಮ್ಯಾಪರ್‌ನಲ್ಲಿ ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೇ ಹೋಗುತ್ತದೆ. ಹಣ ಹೋಗಲು ಒಂದು ದಾರಿ ಬೇಕೇ ಬೇಕು. ಆದರೆ ಆ ಹೆಣ್ಣುಮಗಳು ಯಾವುದೋ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಆಧಾರ್ ಜೋಡಿಸಿದರೆ, ತಿಂಗಳ 2,000 ರೂಪಾಯಿಯ ಗೃಹಲಕ್ಷ್ಮಿ ಹಣ ಅವಳಿಗೆ ತಿಳಿಯದೆ ದಾರಿ ಬದಲಿಸಬಹುದು. ಅವಳು ಹಳೆಯ ಬ್ಯಾಂಕಿನ ಕೌಂಟರಿನಲ್ಲಿ ನಿಂತು, ಹಣ ಬಂದಿಲ್ಲ ಎಂಬ ಉತ್ತರ ಕೇಳಿಸಿಕೊಂಡು ಒಂದು ದಿನದ ಕೂಲಿ ಕಳೆದುಕೊಂಡು ಹೋಗುತ್ತಾಳೆ. ಯಂತ್ರ ನಿಯಮ ಮುರಿಯಲಿಲ್ಲ. ಅವಳಿಗೆ ಒಂದು ಮಾತು ತಿಳಿಸಬೇಕು ಎಂಬುದು ನಿಯಮದಲ್ಲಿ ಗಟ್ಟಿಯಾಗಿ ಕೂತಿರಲಿಲ್ಲ.

ಇಲ್ಲಿಗೆ ನೀತಿಯ ಮಾತು ಬರುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ಹಿಡಿದ ಜೈನರು ಹಿಂಸೆಯ ಲಕ್ಷಣವನ್ನು ಬಹಳ ಎಚ್ಚರದಿಂದ ಹೇಳಿದ್ದಾರೆ. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಮಾಡುವ ಹಾನಿಯೇ ಹಿಂಸೆ. ಪ್ರವಚನಸಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಎಚ್ಚರವಿಲ್ಲದೆ ನಡೆದವನಿಗೆ ಕಾಲಡಿಯ ಜೀವ ಸಾಯಲಿ, ಉಳಿಯಲಿ, ಹಿಂಸೆಯ ದೋಷ ತಪ್ಪಿದ್ದಲ್ಲ, ನಿಯಮದಂತೆ ಎಚ್ಚರವಾಗಿ ನಡೆದವನಿಗೆ ಬರಿಯ ಹಾನಿಯಾದ ಮಾತ್ರಕ್ಕೆ ಬಂಧವಿಲ್ಲ. ದೋಷ ಫಲಿತಾಂಶದಲ್ಲಿ ಮಾತ್ರ ಇಲ್ಲ, ನಡೆಯಲ್ಲಿದೆ ಎಂಬುದು ಇದರ ಸಾರ. ಆ ಗ್ರಂಥವನ್ನು ಸಂಪಾದಿಸಿದ ಉಪಾಧ್ಯೆಯವರ ಊರಿನಲ್ಲೂ ಶೇಡಬಾಳದಲ್ಲೂ ಮುನಿಗಳನ್ನು ಕಂಡವರಿಗೆ ನವಿಲುಗರಿಯ ಪಿಂಛಿ ಹೊಸದಲ್ಲ. ಕಮಂಡಲು ಇಡುವ ಮೊದಲು, ಗ್ರಂಥ ಎತ್ತುವ ಮೊದಲು, ತಾವು ಕೂರುವ ಮೊದಲು ಆ ಜಾಗವನ್ನು ಪಿಂಛಿಯಿಂದ ಮೆಲ್ಲಗೆ ಸವರುತ್ತಾರೆ. ಎತ್ತುವ, ಇಡುವ ಎಚ್ಚರಕ್ಕೆ ಆದಾನನಿಕ್ಷೇಪಣ ಸಮಿತಿ ಎಂದೇ ಹೆಸರಿದೆ. ಸಮರ್ಥವಾಗಿ ಬರೆದ ಸ್ಕ್ರಿಪ್ಟಿನಲ್ಲಿಯೂ ಇಂಥ ಒಂದು ಹಂತ ಇರುತ್ತದೆ. ಅದನ್ನು ‘ಡ್ರೈ ರನ್’ ಎನ್ನುತ್ತಾರೆ: ಯಾವುದನ್ನೂ ಬದಲಿಸದೆ, ಬದಲಿಸಿದ್ದರೆ ಯಾರು ಸೇರುತ್ತಿದ್ದರು, ಯಾರು ಅಳಿಯುತ್ತಿದ್ದರು, ಯಾರ ಹೆಸರು ಏನಾಗುತ್ತಿತ್ತು ಎಂಬ ಪಟ್ಟಿಯನ್ನು ಮುಂದಿಡುವುದು. ಆ ಪಟ್ಟಿಯನ್ನು ಓದದೆ ನೇರವಾಗಿ ಓಡಿಸಿದವನು, ಆ ದಿನ ಯಾರಿಗೂ ತೊಂದರೆಯಾಗದಿದ್ದರೂ, ಜೈನ ಲಕ್ಷಣದ ಪ್ರಕಾರ ತಪ್ಪಿತಸ್ಥ. ಇದು ಕಠಿಣವಾಗಿ ಕೇಳಿಸಬಹುದು. ಆದರೆ ಸಾವಿರಾರು ಜನರ ಪಡಿತರ, ಪಿಂಚಣಿ, ಸಾಲ, ಹಾಜರಾತಿಗಳು ಒಂದು ಸಾಲಿನ ಆದೇಶಕ್ಕೆ ಕಟ್ಟಿಕೊಂಡಿರುವ ಕಾಲದಲ್ಲಿ ಇದಕ್ಕಿಂತ ಸಡಿಲವಾದ ನೀತಿ ಸಾಲದು.

ಇದಕ್ಕೆ ಬರುವ ಮೊದಲ ಆಕ್ಷೇಪ: ಸ್ಕ್ರಿಪ್ಟಿಗೆ ಮನಸ್ಸಿಲ್ಲ, ಓಡಿಸಿದವನಿಗೆ ಕೆಟ್ಟ ಉದ್ದೇಶವಿಲ್ಲ, ಕೋಷ್ಟಕದ ಒಂದು ಸಾಲು ಅಳಿದರೆ ಯಾವ ಪ್ರಾಣಕ್ಕೂ ಘಾತವಾಗುವುದಿಲ್ಲ; ಇದನ್ನು ಹಿಂಸೆ ಎನ್ನುವುದು ಅತಿಶಯ. ಮನಸ್ಸಿಲ್ಲದ ಯಂತ್ರಕ್ಕೆ ದೋಷ ಅಂಟುವುದಿಲ್ಲ ಎಂಬುದು ಸರಿ. ಆದರೆ ಯಂತ್ರಕ್ಕೆ ನಿಯಮ ಕೊಟ್ಟವನಿಗೆ ಮನಸ್ಸಿದೆ. ಪ್ರಮಾದದ ಕಲ್ಪನೆ ಹುಟ್ಟಿದ್ದೇ ಉದ್ದೇಶವಿಲ್ಲದೆ ಆಗುವ ಹಾನಿಯನ್ನು ವಿಚಾರಿಸಲು. ಕೆಟ್ಟ ಉದ್ದೇಶ ಇರಲಿಲ್ಲ ಎಂಬುದು ಇಲ್ಲಿ ವಾದದ ಆರಂಭವೇ ಹೊರತು ಮುಕ್ತಾಯವಲ್ಲ. ಇನ್ನು ಪ್ರಾಣದ ಮಾತು. ಅಳಿದ ಸಾಲು ಕಾಗದದ ಮೇಲಿನ ಶಾಯಿಯಾಗಿ ಉಳಿದಿದ್ದರೆ ಆಕ್ಷೇಪಕ್ಕೆ ಬಲವಿರುತ್ತಿತ್ತು. ಇವತ್ತು ಅಕ್ಕಿ, ಔಷಧ, ಮಗುವಿನ ವಿದ್ಯಾರ್ಥಿವೇತನ ಬರುವುದು ಆ ಸಾಲಿನ ಮೂಲಕ. ಜೈನರು ಪ್ರಾಣಗಳನ್ನು ಉಸಿರು, ಆಯುಷ್ಯ, ಇಂದ್ರಿಯ, ಬಲ ಎಂದು ಎಣಿಸುವಾಗ ಬದುಕಿನ ಆಧಾರಗಳನ್ನೇ ಎಣಿಸುತ್ತಾರೆ. ಪಡಿತರ ನಿಂತ ಮನೆಯಲ್ಲಿ ಬಲ ಕುಗ್ಗುವುದು ರೂಪಕದ ಮಾತಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹೆಸರು ಹತ್ತು ಬಗೆ ಇರಲಿ, ಎಲ್ಲವೂ ಒಂದೊಂದು ನಿಲುವಿನಿಂದ ನಿಜ ಎಂದು ಬಿಟ್ಟರೆ ಒಬ್ಬನೇ ಹತ್ತು ಹೆಸರಿನಲ್ಲಿ ಹಣ ಎತ್ತುತ್ತಾನೆ. ರಾಜ್ಯದ ಗಡಿಯ ಈಚೆಗೊಂದು, ಆಚೆಗೊಂದು ಪಡಿತರ ಚೀಟಿ ಇಟ್ಟುಕೊಳ್ಳುತ್ತಾನೆ. ಅವನ ಮೋಸದ ಬೆಲೆಯನ್ನು ತೆರುವವರೂ ಬಡವರೇ. ಹೊಂದಿಸದೇ ಇರುವುದು ಕೂಡ ಹಿಂಸೆಯಲ್ಲವೆ? ಹೌದು, ಹೊಂದಿಸದೆ ಬಿಟ್ಟ ದಾಖಲೆಗಳೂ ಜನರನ್ನು ನೋಯಿಸುತ್ತವೆ. ತಂದೆ ತೀರಿಕೊಂಡ ಮೇಲೂ ಪಹಣಿ ಅವನ ಹೆಸರಿನಲ್ಲೇ ಉಳಿದ ಕಾರಣ ಬೆಳೆ ಪರಿಹಾರ ಸಿಗದ ಮಕ್ಕಳಿಗೆ ಇದು ಗೊತ್ತು. 2024ರಲ್ಲಿ ರಾಜ್ಯ ಸರ್ಕಾರ ಪಹಣಿಗೆ ಆಧಾರ್ ಜೋಡಿಸುವ ಕೆಲಸಕ್ಕೆ ಗ್ರಾಮ ಆಡಳಿತಾಧಿಕಾರಿಗಳನ್ನು ಹಚ್ಚಿದ್ದರ ಹಿಂದೆ ಭೂಮಾಲೀಕನಿಗೆ ಮೋಸವಾಗಬಾರದು ಎಂಬ ನ್ಯಾಯವಾದ ಕಾಳಜಿಯೂ ಇತ್ತು. ಅನೇಕಾಂತವೂ ಎಲ್ಲ ಮಾತೂ ಸಮ ಎನ್ನುವುದಿಲ್ಲ. ಪ್ರಮಾಣದಿಂದ ನಿಲ್ಲದ ಮಾತು ಅಲ್ಲಿಯೂ ಸುಳ್ಳೇ. ನಾನು ಹೇಳುವುದು ಹೊಂದಿಸಬೇಡಿ ಎಂದಲ್ಲ. ಸೇರಿಸುವುದಕ್ಕೂ ಅಳಿಸುವುದಕ್ಕೂ ಒಂದೇ ಅಳತೆ ಬೇಡ ಎಂದು. ತಪ್ಪಾಗಿ ಸೇರಿದ ಒಂದು ಹೆಸರಿನಿಂದ ಖಜಾನೆಗೆ ಆಗುವ ನಷ್ಟವನ್ನು ಮುಂದೆ ವಸೂಲಿ ಮಾಡಬಹುದು. ತಪ್ಪಾಗಿ ಅಳಿದ ಒಂದು ಹೆಸರಿನಿಂದ ಮನೆಯೊಂದು ಕಳೆದುಕೊಂಡ ತಿಂಗಳುಗಳನ್ನು ಯಾರೂ ಮರಳಿ ಕೊಡಲಾರರು. ಎರಡು ಹೆಸರು ಒಬ್ಬನವೇ ಎಂಬ ಅನುಮಾನವನ್ನು ಎತ್ತಿ ತೋರಿಸುವುದು ಯಂತ್ರದ ಕೆಲಸವಾಗಲಿ. ಅನುಮಾನವನ್ನು ತೀರ್ಪಾಗಿಸುವುದು, ಆ ವ್ಯಕ್ತಿಯನ್ನು ಕೇಳಿದ ಮೇಲೆ, ಮನುಷ್ಯನ ಕೆಲಸವಾಗಲಿ.

ಮೂರನೆಯ ಆಕ್ಷೇಪ ಎರಡು ಕಡೆಯಿಂದ ಬರುತ್ತದೆ. ಧರ್ಮಶ್ರದ್ಧೆಯುಳ್ಳವರು ಮೋಕ್ಷಶಾಸ್ತ್ರವನ್ನು ಗಣಕದ ಮಟ್ಟಕ್ಕೆ ಇಳಿಸಬೇಡಿ ಎನ್ನಬಹುದು. ತಂತ್ರಜ್ಞರು ಹಳೆಯ ಗ್ರಂಥಗಳಲ್ಲಿ ಹೊಸ ವಿಜ್ಞಾನ ಹುಡುಕುವ ಚಟ ಬೇಡ ಎನ್ನಬಹುದು. ಕುಂದಕುಂದರಿಗೆ ದತ್ತಾಂಶದ ಕಲ್ಪನೆ ಇತ್ತು ಎಂದು ನಾನು ಹೇಳುತ್ತಿಲ್ಲ. ಅವರ ಚಿಂತೆ ಜೀವದ ಬಿಡುಗಡೆಯದು, ನಮ್ಮ ಚಿಂತೆ ಪಟ್ಟಿಗಳ ಶುದ್ಧಿಯದು. ಎರಡರ ಎತ್ತರ ಒಂದಲ್ಲ. ಆದರೆ ಸ್ಥಿರವಾದದ್ದನ್ನೂ ಬದಲಾಗುವುದನ್ನೂ ಬೇರ್ಪಡಿಸಿ ನೋಡುವ ಶಿಸ್ತು, ಪ್ರತಿ ಮಾತಿಗೂ ಅದರ ನಿಲುವನ್ನು ಕೇಳುವ ಶಿಸ್ತು, ಕೈ ಚಾಚುವ ಮೊದಲು ನೋಡುವ ಶಿಸ್ತು, ಇವು ಮಠದ ಅಂಗಳಕ್ಕೆ ಮಾತ್ರ ಮೀಸಲಾದವಲ್ಲ. ಅಣುವ್ರತಗಳೆಂದರೆ ಮುನಿಯ ಮಹಾವ್ರತವನ್ನು ಹೊಲ, ಅಂಗಡಿ, ಕಚೇರಿಗಳಲ್ಲಿ ಬದುಕುವ ಗೃಹಸ್ಥನ ಅಳತೆಗೆ ತಂದ ವ್ರತಗಳು. ತಕ್ಕಡಿ ಹಿಡಿದ ಶ್ರಾವಕನಿಗೆ ತೂಕದಲ್ಲಿ ಮೋಸ ಬೇಡ ಎಂದ ಧರ್ಮಕ್ಕೆ, ಕೀಲಿಮಣೆ ಹಿಡಿದವನಿಗೆ ಹೇಳುವ ಮಾತೂ ಇರುತ್ತದೆ. ಆ ಮಾತು ಜೈನರಿಗಷ್ಟೇ ಅಲ್ಲ, ಈ ಕೆಲಸ ಮಾಡುವ ಎಲ್ಲರಿಗೂ ಸಲ್ಲುತ್ತದೆ.

ಹಾಗಾದರೆ ಈ ವಾದದಿಂದ ಹೊರಡುವ ಕರ್ತವ್ಯಗಳು ಸ್ಪಷ್ಟ. ಗೂಟವಾಗುವ ಸಂಖ್ಯೆಯಲ್ಲಿ ಊರು, ಹೆಸರು, ಕುಲ ಯಾವುದೂ ಇರಬಾರದು. ಹೆಸರಿನ ಹಿಂದಿನ ರೂಪಗಳನ್ನು ಅಳಿಸದೆ ದಿನಾಂಕ ಸಹಿತ ಇಡಬೇಕು. ಪ್ರತಿ ವಿವರಕ್ಕೂ ಅದರ ಅಧಿಕಾರಸ್ಥಾನವನ್ನು ಬೇರೆಬೇರೆಯಾಗಿ ಗೊತ್ತುಪಡಿಸಬೇಕು: ಜಮೀನಿಗೆ ಕಂದಾಯ ದಾಖಲೆ, ಓದಿಗೆ ಶಾಲೆ, ತನ್ನನ್ನು ಏನೆಂದು ಕರೆಯಬೇಕು ಎಂಬುದಕ್ಕೆ ಆ ವ್ಯಕ್ತಿಯೇ. ಕನ್ನಡ, ಮರಾಠಿ ಎರಡೂ ಬರೆಯುವ ಸೀಮೆಯಲ್ಲಿ ಲಿಪಿಭೇದವನ್ನು ತಪ್ಪೆಂದು ಎಣಿಸಬಾರದು. ಡ್ರೈ ರನ್ನಿನ ಪಟ್ಟಿಯನ್ನು ಓದಿದವನು ತನ್ನ ಹೆಸರು ಹಾಕಿ ಸಹಿ ಮಾಡದೆ ಸ್ಕ್ರಿಪ್ಟ್ ಓಡಬಾರದು. 500 ಎಂಬ ಮಿತಿ ದೊಡ್ಡ ಸಂಸ್ಥೆಗೆ ಸರಿಯಿರಬಹುದು. 500 ಮನೆಯೂ ಇಲ್ಲದ ಹಳ್ಳಿಯ ಪಟ್ಟಿಗೆ ಮಿತಿ 1 ಆಗಿರಬೇಕು, ಏಕೆಂದರೆ ಅಲ್ಲಿ ಒಂದು ಸಾಲೆಂದರೆ ಒಂದು ಮನೆ. ಅಳಿಸುವ ಮೊದಲು ಆ ವ್ಯಕ್ತಿಗೆ ಅವನ ಭಾಷೆಯಲ್ಲಿ ತಿಳಿಸಬೇಕು, ಉತ್ತರ ಕೊಡಲು ಕಾಲ ಕೊಡಬೇಕು. ಇದೆಲ್ಲ ಕೆಲಸವನ್ನು ನಿಧಾನ ಮಾಡುತ್ತದೆ ಎಂಬುದು ನಿಜ. ಹೆಚ್ಚಿನ ಸಾಲುಗಳು ತಕರಾರಿಲ್ಲದೆ ತಾಳೆಯಾಗುವಾಗ, ಉಳಿದ ಕೆಲವಕ್ಕೆ ಬೇಕಾಗುವ ಈ ನಿಧಾನವನ್ನು ವೆಚ್ಚವೆಂದು ಬರೆದುಕೊಳ್ಳಬಾರದು. ಆ ಕೆಲವು ಸಾಲುಗಳಿಗಾಗಿಯೇ ಮನುಷ್ಯನೊಬ್ಬನನ್ನು ಆ ಕುರ್ಚಿಯಲ್ಲಿ ಕೂರಿಸಿರುವುದು. ಇನ್ನೊಬ್ಬರ ಗುರುತನ್ನು ಬದಲಿಸುವ ಅಧಿಕಾರ ಯಾರ ಕೈಗೆ ಬಂದಿದೆಯೋ ಅವರು ಆ ಬದಲಾವಣೆಗೆ ಸಿಕ್ಕವರ ಎದುರು ನಿಂತು ಕಾರಣ ಹೇಳಬಲ್ಲವರಾಗಿರಬೇಕು. ಹೇಳಲಾಗದಿದ್ದರೆ ಆ ಆದೇಶವನ್ನು ಕೊಡಬಾರದು.